ಕಿರುರೈಲಿನ ಬೆಲೆ

ರೈಲುಬಂಡಿಯನ್ನು ಕಂಡು ಹಿಗ್ಗದ ಮಕ್ಕಳು ವಿರಳ. ಹಳಿಯಿಂದ ದೂರದಲ್ಲಿ ನಿಂತು, ಹಾದುಹೋಗುವ ಬೋಗಿಗಳನ್ನು ಒಂದೊಂದಾಗಿ ಎಣಿಸಿ, ಕೊನೆಯ ಬೋಗಿ ಕಣ್ಮರೆಯಾಗುವವರೆಗೂ ಕೈಬೀಸಿದ ನೆನಪು ನಮ್ಮಲ್ಲಿ ಅನೇಕರಿಗೆ ಉಂಟು. ವಯಸ್ಸು ಏರಿದಂತೆ ಈ ಹಿಗ್ಗು ಸಾಮಾನ್ಯವಾಗಿ ಮಾಸಿಹೋಗುತ್ತದೆ. ಕೆಲವರಲ್ಲಿ ಮಾತ್ರ ಅದು ಮಾಸುವುದಿಲ್ಲ. ಇಂಗ್ಲೆಂಡ್, ಜರ್ಮನಿ, ಅಮೆರಿಕ, ಜಪಾನ್ ಮೊದಲಾದ ದೇಶಗಳಲ್ಲಿ ಇಂಥವರು ಮನೆಯ ಅಟ್ಟದಲ್ಲಿಯೋ ನೆಲಮಾಳಿಗೆಯಲ್ಲಿಯೋ ಪುಟ್ಟ ಹಳಿಗಳನ್ನು ಹಾಸುತ್ತಾರೆ. ಅಂಗೈಯಗಲದ ನಿಲ್ದಾಣ, ಗೇಣುದ್ದದ ಸೇತುವೆ, ಬೆರಳುದ್ದದ ಕೈಮರಗಳನ್ನು ನಿಲ್ಲಿಸುತ್ತಾರೆ. ಅವುಗಳ ನಡುವೆ ವಿದ್ಯುತ್ತಿನಿಂದ ಓಡುವ ಕಿರುರೈಲುಗಳನ್ನು ಬಿಟ್ಟು ಸಂತೋಷಪಡುತ್ತಾರೆ. ಇವರೇ ಮಾದರಿ ರೈಲಿನ ಹವ್ಯಾಸಿಗಳು.

ಇವರ ರೈಲು ಆಟಿಕೆಯಂತೆ ಕಂಡರೂ ಕೇವಲ ಆಟಿಕೆಯಲ್ಲ. ಆಟಿಕೆಯ ರೈಲಿಗೆ ನಾಲ್ಕು ಚಕ್ರ, ಒಂದು ಹೊಗೆಕೊಳವೆ ಇದ್ದರೆ ಸಾಕು. ಉಳಿದುದನ್ನು ಮಗುವಿನ ಕಲ್ಪನೆಯೇ ತುಂಬಿಕೊಳ್ಳುತ್ತದೆ. ಮಾದರಿ ರೈಲಿನ ಕ್ರಮವೇ ಬೇರೆ. ಅದು ಎಲ್ಲಿಯೋ, ಎಂದೋ ನಿಜವಾಗಿ ಓಡಿದ ಒಂದು ಎಂಜಿನಿನ ಪ್ರತಿರೂಪವಾಗಿರಬೇಕು. ಉದ್ದ, ಅಗಲ, ಎತ್ತರ ಎಲ್ಲವೂ ಒಂದೇ ಪ್ರಮಾಣದಲ್ಲಿ ಕುಗ್ಗಿರಬೇಕು. ಬ್ರಿಟನ್ನಿನಲ್ಲಿ ಹೆಚ್ಚು ಬಳಕೆಯಲ್ಲಿರುವ ಪ್ರಮಾಣದಲ್ಲಿ ನಿಜವಾದ ಎಂಜಿನಿನ ಒಂದು ಅಡಿಗೆ ಮಾದರಿಯಲ್ಲಿ 4 ಮಿಲಿಮೀಟರು. ಎಂದರೆ ಸುಮಾರು 76ರಲ್ಲಿ ಒಂದು ಪಾಲು. ಯೂರೋಪಿನ ಉಳಿದ ದೇಶಗಳಲ್ಲಿಯೂ ಅಮೆರಿಕದಲ್ಲಿಯೂ 87ರಲ್ಲಿ ಒಂದು ಪಾಲು ಹೆಚ್ಚು ಪ್ರಚಾರದಲ್ಲಿದೆ. 1938ರ ಜುಲೈ 3ರಂದು ಗಂಟೆಗೆ 126 ಮೈಲಿ, ಎಂದರೆ ಸುಮಾರು 203 ಕಿಲೋಮೀಟರು ವೇಗದಲ್ಲಿ ಓಡಿ ಉಗಿ ಎಂಜಿನುಗಳಲ್ಲೆಲ್ಲ ದಾಖಲೆ ಸ್ಥಾಪಿಸಿದ ‘ಮಲ್ಲಾರ್ಡ್’ ತನ್ನ ಟೆಂಡರು ಸೇರಿ ಸುಮಾರು 71 ಅಡಿ ಉದ್ದವಿದೆ. ಮೇಲಿನ ಲೆಕ್ಕದಲ್ಲಿ ಅದರ ಮಾದರಿ ಸುಮಾರು 28 ಸೆಂಟಿಮೀಟರು. ಒಂದು ಸಾಮಾನ್ಯ ಅಳತೆಪಟ್ಟಿಗಿಂತ ತುಸು ಗಿಡ್ಡ.

ಇಷ್ಟು ಸಣ್ಣ ವಸ್ತುವಿನಲ್ಲಿ ಇರುವುದೇನು? ಸ್ವಲ್ಪ ಪ್ಲಾಸ್ಟಿಕ್ಕು, ಒಂದಿಷ್ಟು ಸತುವಿನ ಮಿಶ್ರಲೋಹ, ಹೆಬ್ಬೆರಳಿನ ಗಾತ್ರದ ಒಂದು ಮೋಟಾರು, ಕೆಲವು ತಂತಿಗಳು, ಬಣ್ಣ. ಆದರೂ ಇಂದು ಬ್ರಿಟನ್ನಿನಲ್ಲಿ ಇಂಥ ಒಂದು ದೊಡ್ಡ ಉಗಿ ಎಂಜಿನಿನ ಹೊಸ ಮಾದರಿಗೆ ಇನ್ನೂರು ಪೌಂಡುಗಳಿಗೂ ಹೆಚ್ಚಿನ ಬೆಲೆ ಇರುವುದುಂಟು. ಇದು ಮಾರುವವನ ದುರಾಸೆಯೇ ಇರಬೇಕೆಂದು ಮೊದಲ ನೋಟಕ್ಕೆ ತೋರಬಹುದು. ಆದರೆ ಇದನ್ನು ತಯಾರಿಸುವ ಕಂಪನಿಗಳು ಕೊಬ್ಬಿದ ನಿದರ್ಶನಗಳಿಗಿಂತ ಮುಗ್ಗರಿಸಿದ ನಿದರ್ಶನಗಳೇ ಹೆಚ್ಚು. ಬೆಲೆ ಹೆಚ್ಚು, ಲಾಭ ಕಡಮೆ. ಈ ಒಗಟನ್ನು ಬಿಡಿಸಬೇಕಾದರೆ ಒಂದು ಮಾದರಿ ಹುಟ್ಟುವ ಬಗೆಯನ್ನು ನಾವು ಮೊದಲಿನಿಂದ ನೋಡಬೇಕು.

ಮೊದಲನೆಯದು ಸಂಶೋಧನೆ. ಆರಿಸಿಕೊಂಡ ಎಂಜಿನಿನ ಮೂಲ ನಕ್ಷೆಗಳನ್ನು ಹುಡುಕಬೇಕು, ಹಳೆಯ ಛಾಯಾಚಿತ್ರಗಳನ್ನು ಹೋಲಿಸಬೇಕು. ಎಂಜಿನು ಯಾವುದಾದರೂ ವಸ್ತುಸಂಗ್ರಹಾಲಯದಲ್ಲಿ ಉಳಿದಿದ್ದರೆ ಅದರ ಮೈಯನ್ನು ಲೇಸರ್ ಕಿರಣಗಳಿಂದ ಅಳೆಯಬಹುದು. ಅನಂತರ ಕಂಪ್ಯೂಟರಿನಲ್ಲಿ ಪ್ರತಿಯೊಂದು ಭಾಗದ ನಕ್ಷೆಯೂ ಸಿದ್ಧವಾಗಬೇಕು. ಒಂದು ಎಂಜಿನಿನಲ್ಲಿ ಇಂಥ ಬಿಡಿಭಾಗಗಳು ನೂರಾರು. ಇದಾದ ಮೇಲೆ ಬರುವುದು ಅಚ್ಚು. ಗಟ್ಟಿಯಾದ ಉಕ್ಕಿನ ತುಂಡುಗಳಲ್ಲಿ ಎಂಜಿನಿನ ಮೈಯನ್ನು ತಿರುವುಮುರುವಾಗಿ ಕೊರೆಯುತ್ತಾರೆ. ಮಾದರಿಯಲ್ಲಿ ಉಬ್ಬಿ ಕಾಣಬೇಕಾದ ಒಂದು ರಿವೆಟ್ಟು ಅಚ್ಚಿನಲ್ಲಿ ಕೂದಲೆಳೆಯ ಲೆಕ್ಕದ ಕುಳಿ. ಅಚ್ಚಿನ ಎರಡು ಹೋಳುಗಳು ಬೆಸೆದಂತೆ ಕೂಡಬೇಕು. ಕರಗಿದ ಪ್ಲಾಸ್ಟಿಕ್ಕನ್ನು ಅತಿಯಾದ ಒತ್ತಡದಿಂದ ಒಳಗೆ ನುಗ್ಗಿಸಿದಾಗ ಸಂದಿನಲ್ಲಿ ಸೋರಬಾರದು. ತಣಿದ ಭಾಗ ಮುರಿಯದೆ ಹೊರಬರಬೇಕು. ಒಂದು ಮಾದರಿಗೆ ಇಂಥ ಅಚ್ಚು ಒಂದಲ್ಲ, ಹಲವು. ಮೊದಲ ಪ್ರತಿಗಳನ್ನು ತೆಗೆದು, ತಪ್ಪುಗಳನ್ನು ಹುಡುಕಿ, ಅಚ್ಚನ್ನು ತಿದ್ದಿ, ಮತ್ತೆ ಪ್ರತಿ ತೆಗೆದು ನೋಡುವಷ್ಟರಲ್ಲಿ ಎರಡು ಮೂರು ವರ್ಷಗಳೇ ಕಳೆಯಬಹುದು. ಇಷ್ಟು ಕಾಲವೂ ಹಣ ಹೋಗುತ್ತಿರುತ್ತದೆಯೇ ಹೊರತು ಒಂದು ಕಾಸೂ ಬರುವುದಿಲ್ಲ.

ಇಲ್ಲಿ ಎರಡು ಬಗೆಯ ವೆಚ್ಚಗಳನ್ನು ನಾವು ಬೇರೆಬೇರೆಯಾಗಿ ಗುರುತಿಸಬೇಕು. ಸಂಶೋಧನೆ, ನಕ್ಷೆ, ಅಚ್ಚು ಇವುಗಳ ವೆಚ್ಚ ಒಂದೇ ಸಲ ಬೀಳುವಂಥದು. ಒಂದು ಎಂಜಿನು ಮಾಡಿದರೂ ಅಷ್ಟೇ, ಹತ್ತು ಸಾವಿರ ಮಾಡಿದರೂ ಅಷ್ಟೇ. ಇದನ್ನು ಸ್ಥಿರವೆಚ್ಚ ಎನ್ನೋಣ. ಪ್ಲಾಸ್ಟಿಕ್ಕು, ಲೋಹ, ಮೋಟಾರು, ಕೂಲಿ, ಬಣ್ಣ, ಪೆಟ್ಟಿಗೆ, ಸಾಗಣೆ ಇವುಗಳ ವೆಚ್ಚ ಪ್ರತಿಯೊಂದು ಎಂಜಿನಿಗೂ ಬೀಳುವಂಥದು. ಇದನ್ನು ಬಿಡಿವೆಚ್ಚ ಎನ್ನೋಣ. ಲೆಕ್ಕ ಸುಲಭವಾಗಲೆಂದು ಸ್ಥಿರವೆಚ್ಚ ಒಂದು ಲಕ್ಷ ಪೌಂಡು, ಬಿಡಿವೆಚ್ಚ 50 ಪೌಂಡು ಎಂದಿಟ್ಟುಕೊಳ್ಳಿ. ಹತ್ತು ಸಾವಿರ ಎಂಜಿನುಗಳು ಮಾರಾಟವಾದರೆ ಒಂದೊಂದರ ತಲೆಯ ಮೇಲೆ ಬೀಳುವ ಸ್ಥಿರವೆಚ್ಚದ ಪಾಲು ಕೇವಲ 10 ಪೌಂಡು. ಅಸಲು 60 ಪೌಂಡು. ಸಾವಿರ ಮಾತ್ರ ಮಾರಾಟವಾದರೆ ಪಾಲು 100 ಪೌಂಡು, ಅಸಲು 150. ಐನೂರಕ್ಕೆ ಇಳಿದರೆ ಪಾಲು 200, ಅಸಲು 250. ಇದರ ಮೇಲೆ ಹೂಡಿದ ಹಣದ ಬಡ್ಡಿ, ಅಂಗಡಿಯವನ ಪಾಲು, ಬ್ರಿಟನ್ನಿನಲ್ಲಿ ನೂರಕ್ಕೆ ಇಪ್ಪತ್ತರಷ್ಟಿರುವ ಮಾರಾಟ ತೆರಿಗೆ ಇವೆಲ್ಲವೂ ಸೇರಬೇಕು. ಪ್ಲಾಸ್ಟಿಕ್ಕು ಅದೇ, ಅಚ್ಚು ಅದೇ, ದುಡಿಮೆಯೂ ಅದೇ; ಬದಲಾದುದು ಕೊಳ್ಳುವವರ ಸಂಖ್ಯೆ ಮಾತ್ರ. ಹೀಗೆ ಕಿರುರೈಲಿನ ಬೆಲೆಯನ್ನು ಮುಖ್ಯವಾಗಿ ನಿರ್ಧರಿಸುವುದು ಅದರಲ್ಲಿರುವ ವಸ್ತುವಲ್ಲ, ಅದರ ಭಾರವನ್ನು ಹಂಚಿಕೊಳ್ಳುವ ಹೆಗಲುಗಳ ಲೆಕ್ಕ.

ರೈಲನ್ನು ಇನ್ನೂ ಚಿಕ್ಕದಾಗಿ ಮಾಡಿದರೆ ಬೆಲೆ ಇಳಿಯದೆ ಎಂದು ನೀವು ಕೇಳಬಹುದು. ಬ್ರಿಟನ್ನಿನಲ್ಲಿ 148ರಲ್ಲಿ ಒಂದು ಪಾಲಿನ ಮಾದರಿಗಳೂ ಇವೆ. ಅವು ಮೊದಲು ಹೇಳಿದವುಗಳ ಸುಮಾರು ಅರ್ಧದಷ್ಟು ಉದ್ದ. ಆದರೆ ಅವುಗಳ ಬೆಲೆ ಅರ್ಧವಲ್ಲ. ನಕ್ಷೆ ಬರೆಯುವವನ ಶ್ರಮ ಅರ್ಧವಾಗುವುದಿಲ್ಲ. ಅಚ್ಚು ಕೊರೆಯುವ ಕೆಲಸ ಸೂಕ್ಷ್ಮವಾದಷ್ಟೂ ಕಠಿಣವಾಗುತ್ತದೆ. ಜೋಡಿಸುವ ಕೈಗಳು ಅಷ್ಟೇ ಬೇಕು. ಉಳಿಯುವುದು ಒಂದು ಹಿಡಿ ಪ್ಲಾಸ್ಟಿಕ್ಕು ಮಾತ್ರ. ಅದಾದರೋ ಮೊದಲೇ ಅಗ್ಗ.

ಆದುದರಿಂದ ಯಾವ ಎಂಜಿನಿನ ಮಾದರಿಯನ್ನು ಮಾಡಬೇಕೆಂಬ ಆಯ್ಕೆಯೇ ತಯಾರಕನ ಪಾಲಿಗೆ ಎಲ್ಲಕ್ಕಿಂತ ದೊಡ್ಡ ಪರೀಕ್ಷೆ. ಬಹಳ ವರ್ಷ, ಬಹಳ ಊರುಗಳಲ್ಲಿ, ಬಗೆಬಗೆಯ ಬಣ್ಣಗಳಲ್ಲಿ ಓಡಿದ ಎಂಜಿನು ಅವನಿಗೆ ಅಚ್ಚುಮೆಚ್ಚು. ಇಂಗ್ಲೆಂಡಿನ ಗ್ರೇಟ್ ವೆಸ್ಟರ್ನ್ ರೈಲ್ವೆಯ ‘ಪ್ಯಾನಿಯರ್ ಟ್ಯಾಂಕ್’ ಎಂಬ ಪುಟ್ಟ ಎಂಜಿನನ್ನು ಉದಾಹರಣೆಯಾಗಿ ನೋಡೋಣ. ಹೇರೆತ್ತಿನ ಬೆನ್ನಿನ ಎರಡು ಪಕ್ಕಗಳಲ್ಲಿ ಚೀಲಗಳು ಇಳಿಬಿದ್ದಂತೆ ಇದರ ಬಾಯ್ಲರಿನ ಇಕ್ಕೆಲಗಳಲ್ಲಿ ನೀರಿನ ತೊಟ್ಟಿಗಳಿರುತ್ತವೆ. ಹೆಸರೂ ಅದರಿಂದಲೇ ಬಂದುದು. ಇದರ ಒಂದು ವರ್ಗದಲ್ಲಿಯೇ 1929ರಿಂದ 1950ರವರೆಗೆ 863 ಎಂಜಿನುಗಳು ತಯಾರಾದವು. ಮೊದಲು ಇವು ಹಸುರು ಬಣ್ಣದಲ್ಲಿದ್ದವು. ದೇಶದ ರೈಲ್ವೆಗಳೆಲ್ಲ ರಾಷ್ಟ್ರೀಕರಣಗೊಂಡ ಮೇಲೆ ಕಪ್ಪಾದವು. ಲಂಡನ್ ನಗರದ ಸಾರಿಗೆ ಸಂಸ್ಥೆ ಕೊಂಡ ಕೆಲವು ಗಾಢವಾದ ಕೆಂಪು ಬಣ್ಣ ತಳೆದು 1971ರವರೆಗೂ ದುಡಿದವು. ತಯಾರಕನಿಗೆ ಒಂದೇ ಅಚ್ಚು ಸಾಕು. ಈ ವರ್ಷ ಹಸುರು, ಮುಂದಿನ ವರ್ಷ ಕಪ್ಪು, ಅನಂತರ ಕೆಂಪು. ಪ್ರತಿಸಲವೂ ಬೇರೆ ಬೇರೆ ಸಂಖ್ಯಾಫಲಕ. ಹವ್ಯಾಸಿಯೂ ಮೂರನ್ನೂ ಕೊಳ್ಳುತ್ತಾನೆ. ಇದಕ್ಕೆ ಪ್ರತಿಯಾಗಿ, ಮಿಡ್ಲೆಂಡ್ ರೈಲ್ವೆ 1919ರಲ್ಲಿ ಒಂದು ಕಡಿದಾದ ಏರಿನಲ್ಲಿ ಬಂಡಿಗಳನ್ನು ಹಿಂದಿನಿಂದ ನೂಕಲೆಂದೇ ಹತ್ತು ಚಾಲಕಚಕ್ರಗಳ ಒಂದೇ ಒಂದು ಭಾರಿ ಎಂಜಿನನ್ನು ಕಟ್ಟಿತು. ಅದರ ಕಥೆ ಎಲ್ಲರ ಕುತೂಹಲವನ್ನೂ ಕೆರಳಿಸುತ್ತದೆ. ಆದರೆ ಅದರ ಮಾದರಿಯನ್ನು ಒಮ್ಮೆ ಕೊಂಡವನು ಎರಡನೆಯದನ್ನು ಕೊಳ್ಳಲು ಕಾರಣವೇ ಇಲ್ಲ.

ಅಚ್ಚಿನ ಮಹತ್ವವೇನೆಂಬುದನ್ನು ಈ ಉದ್ಯಮದ ಇತಿಹಾಸವೂ ತೋರಿಸಿಕೊಡುತ್ತದೆ. ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿ ಎಂಬಾತ 1901ರಲ್ಲಿ, ಮುಂದೆ ‘ಮೆಕಾನೊ’ ಎಂದು ಹೆಸರಾದ ಜೋಡಣೆಯ ಆಟಿಕೆಗೆ ಹಕ್ಕುಪತ್ರ ಪಡೆದನು. 1920ರಲ್ಲಿ ಅವನ ಕಂಪನಿ ಕೀಲಿ ಕೊಟ್ಟರೆ ಓಡುವ ರೈಲುಗಳನ್ನು ಮಾರುಕಟ್ಟೆಗೆ ತಂದಿತು. ಅವನ ಮರಣಾನಂತರ, 1938ರಲ್ಲಿ, ‘ಹಾರ್ನ್‌ಬಿ ಡಬ್ಲೊ’ ಎಂಬ ಮೇಜಿನ ಮೇಲೆ ಓಡುವ ಚಿಕ್ಕ ರೈಲುಗಳು ಬಂದವು. ಅವುಗಳ ಎಂಜಿನುಗಳ ಮೈ ಲೋಹದ ಎರಕ. ನೋಟಕ್ಕೆ ಗಂಭೀರ, ಬಾಳಿಕೆಗೆ ದೃಢ, ಬೆಲೆಯಲ್ಲಿ ದುಬಾರಿ. ಎರಡನೆಯ ಮಹಾಯುದ್ಧದ ತರುವಾಯ ಪ್ಲಾಸ್ಟಿಕ್ಕಿನ ಯುಗ ಬಂದಿತು. ಲೈನ್ಸ್ ಸೋದರರ ಕಂಪನಿ ‘ಟ್ರೈ-ಆಂಗ್’ ಎಂಬ ಹೆಸರಿನಲ್ಲಿ ಪ್ಲಾಸ್ಟಿಕ್ಕಿನ ಅಗ್ಗವಾದ ರೈಲುಗಳನ್ನು ಮಾರತೊಡಗಿತು. ಸಾಮಾನ್ಯ ಸಂಸಾರದ ತಂದೆತಾಯಿಗಳು ಅವನ್ನೇ ಕೊಂಡರು. ಸ್ಪರ್ಧೆಯಲ್ಲಿ ಸೋತ ಮೆಕಾನೊ ಕಂಪನಿ 1964ರಲ್ಲಿ ಎದುರಾಳಿಯ ವಶವಾಯಿತು. ಗೆದ್ದವರಾದರೂ ಬಹುಕಾಲ ನಿಲ್ಲಲಿಲ್ಲ. 1971ರಲ್ಲಿ ಲೈನ್ಸ್ ಸೋದರರ ದೊಡ್ಡ ಸಂಸ್ಥೆಯೇ ಕುಸಿದುಬಿತ್ತು. ಆದರೆ ಕಂಪನಿಗಳು ಅಳಿದರೂ ಅಚ್ಚುಗಳು ಅಳಿಯಲಿಲ್ಲ. ಡಬ್ಲೊ ರೈಲುಗಳ ಅಚ್ಚುಗಳು ‘ರೆನ್’ ಎಂಬ ಮತ್ತೊಂದು ಕಂಪನಿಯ ಕೈಸೇರಿ, 1990ರ ದಶಕದ ಆರಂಭದವರೆಗೂ ಎಂಜಿನುಗಳನ್ನು ಹೆತ್ತವು. ಮತ್ತೊಂದು ನಿದರ್ಶನವೂ ಉಂಟು. ಬ್ರಿಟನ್ನಿನ ‘ಮೇನ್‌ಲೈನ್’ ಎಂಬ ಹೆಸರಿನ ರೈಲುಗಳನ್ನು 1976ರಿಂದ ಹಾಂಗ್‌ಕಾಂಗಿನ ಕೇಡರ್ ಕಂಪನಿ ತಯಾರಿಸಿಕೊಡುತ್ತಿತ್ತು. ಆ ವ್ಯಾಪಾರ ನಿಂತಾಗ ಅಚ್ಚುಗಳು ಕೇಡರ್ ಕಂಪನಿಯಲ್ಲಿಯೇ ಉಳಿದವು. ಬಾಖ್‌ಮನ್ ಎಂಬ ಹೆಸರಿನಲ್ಲಿ ಅದು ತಾನೇ ಬ್ರಿಟನ್ನಿನ ಮಾರುಕಟ್ಟೆಗೆ ಇಳಿದಾಗ ಅವೇ ಅದರ ಮೂಲಧನವಾದವು.

ಇನ್ನು ಬಿಡಿವೆಚ್ಚದ ವಿಚಾರ. ಯಂತ್ರ ಭಾಗಗಳನ್ನು ಕ್ಷಣಾರ್ಧದಲ್ಲಿ ಅಚ್ಚೊತ್ತಿ ಕೊಟ್ಟರೂ ಅವುಗಳನ್ನು ಜೋಡಿಸುವುದು ಮನುಷ್ಯನ ಕೈ. ಸೂಜಿಯಷ್ಟು ತೆಳುವಾದ ಕೈಹಿಡಿಕೆಯ ಕಂಬಿಯನ್ನು ಸಾಸಿವೆಯಂಥ ರಂಧ್ರದಲ್ಲಿ ನಿಲ್ಲಿಸಬೇಕು. ಕಿಟಕಿಯ ಅಂಚಿಗೆ ಎಳೆಯಂಥ ಬಣ್ಣ ಹಚ್ಚಬೇಕು. ಓದಬೇಕಾದರೆ ಭೂತಗನ್ನಡಿ ಬೇಕಾಗುವಂಥ ಅಕ್ಷರಗಳನ್ನು ಮೂಡಿಸಬೇಕು. 1972ರಿಂದ ಮತ್ತೆ ಹಾರ್ನ್‌ಬಿ ಎಂಬ ಹೆಸರನ್ನೇ ಹೊತ್ತ ಕಂಪನಿ ಇಂಗ್ಲೆಂಡಿನ ಮಾರ್ಗೇಟ್ ಪಟ್ಟಣದಲ್ಲಿ ಈ ಕೆಲಸ ನಡೆಸುತ್ತಿತ್ತು. 1990ರ ದಶಕದ ಉತ್ತರಾರ್ಧದಲ್ಲಿ ಅದು ತನ್ನ ತಯಾರಿಕೆಯನ್ನು ಚೀನಾಕ್ಕೆ ಸಾಗಿಸಿತು. ಅಲ್ಲಿ ಕೂಲಿ ಕಡಮೆ. ಅದರ ಫಲವಾಗಿ ಹಿಂದೆ ಇಡೀ ಮೈಯೊಡನೆ ಒಂದೇ ಅಚ್ಚಿನಲ್ಲಿ ಮೂಡುತ್ತಿದ್ದ ಕೊಳವೆ, ಕಂಬಿಗಳು ಪ್ರತ್ಯೇಕ ಭಾಗಗಳಾದವು. ಮಾದರಿಗಳು ಎಂದೂ ಇಲ್ಲದಷ್ಟು ನೈಜವಾದವು. ಆದರೆ ಮಾರ್ಗೇಟಿನ ಕೆಲಸಗಾರರು ತಮ್ಮ ಉದ್ಯೋಗವನ್ನು ಕಳೆದುಕೊಂಡರು. ಮುಂದೆ ಚೀನಾದ ಕೆಲಸಗಾರರ ಕೂಲಿಯೂ ಏರಿತು. ಅದು ಏರಬೇಕಾದುದೇ ನ್ಯಾಯ. ಆಗ ಕಿರುರೈಲುಗಳ ಬೆಲೆಯೂ ಏರಿತು. ಇಷ್ಟು ಹೊತ್ತಿಗೆ ಸೂಕ್ಷ್ಮವಾದ ಕೆಲಸಕ್ಕೆ ಒಗ್ಗಿಹೋಗಿದ್ದ ಹವ್ಯಾಸಿಗಳು ಹಳೆಯ ಒರಟು ಮಾದರಿಗಳಿಗೆ ಮರಳಲು ಸಿದ್ಧರಿರಲಿಲ್ಲ.

ಲೆಕ್ಕ ತಪ್ಪಿದಾಗ ಎಂಥ ಹಿರಿಯ ಸಂಸ್ಥೆಯೂ ತತ್ತರಿಸುತ್ತದೆ. ಜರ್ಮನಿಯ ಗೊಪ್ಪಿಂಗೆನ್ ಪಟ್ಟಣದ ಮಾರ್ಕ್ಲಿನ್ ಕಂಪನಿ 1859ರಲ್ಲಿ ಒಬ್ಬ ತಗಡುಕೆಲಸಗಾರನಿಂದ ಆರಂಭವಾದುದು. 1891ರಲ್ಲಿ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಗೊತ್ತಾದ ಅಳತೆಯ ಹಳಿಗಳ ಮೇಲೆ ಓಡುವ ಆಟದ ರೈಲನ್ನು ಪ್ರದರ್ಶಿಸಿ, ಇಂದು ಕೊಂಡ ರೈಲಿಗೆ ನಾಳೆ ಹಳಿಗಳನ್ನೂ ಬೋಗಿಗಳನ್ನೂ ಕೂಡಿಸುತ್ತ ಹೋಗುವ ಪದ್ಧತಿಗೆ ದಾರಿ ತೆರೆಯಿತು. ಅಂಥ ಸಂಸ್ಥೆ ತನ್ನ 150ನೆಯ ವರ್ಷದಲ್ಲಿಯೇ, 2009ರ ಫೆಬ್ರುವರಿಯಲ್ಲಿ, ಸಾಲ ತೀರಿಸಲಾರೆನೆಂದು ನ್ಯಾಯಾಲಯದ ಮುಂದೆ ನಿಲ್ಲಬೇಕಾಯಿತು. ಬಳಿಕ ಚೇತರಿಸಿಕೊಂಡು 2013ರಲ್ಲಿ ಹೊಸ ಒಡೆಯರ ಆಶ್ರಯಕ್ಕೆ ಬಂದಿತು. ಇನ್ನೊಂದು ಅಪಾಯವೆಂದರೆ ಇಬ್ಬರು ತಯಾರಕರು ಒಂದೇ ಎಂಜಿನನ್ನು ಆರಿಸಿಕೊಳ್ಳುವುದು. 1872ರಿಂದ ಲಂಡನ್ನಿನ ದಕ್ಷಿಣ ಭಾಗದಲ್ಲಿ ಓಡಿದ ‘ಟೆರಿಯರ್’ ಎಂಬ ಪುಟ್ಟ ಎಂಜಿನಿಗೆ 2019ರ ವೇಳೆಗೆ ಹೀಗೆ ಎರಡು ಹೊಸ ಮಾದರಿಗಳು ಏಕಕಾಲದಲ್ಲಿ ಬಂದವು. ಎರಡು ಸ್ಥಿರವೆಚ್ಚಗಳನ್ನು ಹೊರಬೇಕಾದವರು ಅದೇ ಹವ್ಯಾಸಿಗಳು.

ಈ ಅಪಾಯಗಳಿಂದ ಪಾರಾಗಲು ತಯಾರಕರು ಹಲವು ಉಪಾಯಗಳನ್ನು ಕಂಡುಕೊಂಡಿದ್ದಾರೆ. ಅಚ್ಚು ಕೊರೆಯುವ ಮೊದಲೇ ಎಂಜಿನಿನ ಹೆಸರನ್ನು ಪ್ರಕಟಿಸಿ, ಬೇಕಾದವರು ಮುಂಗಡವಾಗಿ ಹೆಸರು ಬರೆಸಬೇಕೆಂದು ಕೇಳುವುದು ಒಂದು. ಸಾಕಷ್ಟು ಹೆಸರುಗಳು ಬಂದರೆ ಮಾತ್ರ ಮುಂದಿನ ಹೆಜ್ಜೆ. ಅಚ್ಚಿನ ಗೊಡವೆಯೇ ಇಲ್ಲದ ದಾರಿಗಳೂ ಉಂಟು. ತೆಳ್ಳಗಿನ ಹಿತ್ತಾಳೆಯ ತಗಡಿನ ಮೇಲೆ ರಾಸಾಯನಿಕ ದ್ರವದಿಂದ ಭಾಗಗಳನ್ನು ಕೊರೆದು ಹಾಗೆಯೇ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಬಾಗಿಸಿ, ಬೆಸೆದು, ಬಣ್ಣ ಹಚ್ಚುವ ದುಡಿಮೆ ಕೊಂಡವನದು. ಈಚೆಗೆ ಪದರ ಪದರವಾಗಿ ವಸ್ತುವನ್ನು ಮೂಡಿಸುವ ತ್ರಿಆಯಾಮ ಮುದ್ರಣ ಯಂತ್ರಗಳೂ ಬಂದಿವೆ. ಇವುಗಳಲ್ಲಿ ಸ್ಥಿರವೆಚ್ಚ ಅಲ್ಪ. ಹತ್ತು ಮಂದಿಗೆ ಬೇಕಾದ ಎಂಜಿನನ್ನು ಹತ್ತೇ ಮಾಡಬಹುದು. ಆದರೆ ಹತ್ತು ಸಾವಿರ ಮಾಡಿದರೂ ಒಂದೊಂದರ ಬೆಲೆ ಅಷ್ಟಾಗಿ ಇಳಿಯುವುದಿಲ್ಲ.

ನಮ್ಮ ದೇಶದ ಎಂಜಿನುಗಳ ಮಾದರಿಗಳು ಕಾರ್ಖಾನೆಗಳಿಂದ ಬರುವುದು ಏಕೆ ಅಪರೂಪವೆಂಬುದೂ ಈಗ ತಿಳಿದೀತು. ಬ್ರಿಟನ್, ಅಮೆರಿಕ, ಜರ್ಮನಿಗಳ ಮುಖ್ಯ ಮಾರ್ಗಗಳ ಹಳಿಗಳ ನಡುವಣ ಅಂತರ 1435 ಮಿಲಿಮೀಟರು. ಭಾರತದ ಬ್ರಾಡ್‌ಗೇಜಿನದು 1676. ಎರಡನ್ನೂ 87ರಿಂದ ಭಾಗಿಸಿ ನೋಡಿ. ಮೊದಲನೆಯದು 16.5, ಎರಡನೆಯದು 19.3 ಮಿಲಿಮೀಟರು ಆಗುತ್ತದೆ. ಬೇರೆ ದೇಶಗಳಿಗಾಗಿ ಮಾಡಿದ ಚಕ್ರ, ಚೌಕಟ್ಟು, ಹಳಿಗಳು ನಮ್ಮ ಎಂಜಿನಿಗೆ ಸರಿಯಾದ ಅಳತೆಯಲ್ಲಿ ಒದಗುವುದಿಲ್ಲ. ಎಲ್ಲವನ್ನೂ ಹೊಸದಾಗಿ ಮಾಡಬೇಕು. ಹಂಚಿಕೊಳ್ಳುವ ಹೆಗಲುಗಳಾದರೋ ಕೆಲವೇ. ಆದುದರಿಂದ ನಮ್ಮ ಹವ್ಯಾಸಿಗಳು ಅನೇಕ ವೇಳೆ ತಮ್ಮ ಕೈಯಿಂದಲೇ ಮಾದರಿಗಳನ್ನು ಮಾಡಿಕೊಳ್ಳುತ್ತಾರೆ, ಇಲ್ಲವೆ ಅಳತೆಯಲ್ಲಿ ರಾಜಿ ಮಾಡಿಕೊಳ್ಳುತ್ತಾರೆ.

ಹೆಗಲುಗಳ ಚಿಂತೆ ಬ್ರಿಟನ್ನಿಗೂ ತಪ್ಪಿದ್ದಲ್ಲ. ಅಲ್ಲಿನ ರಾಷ್ಟ್ರೀಯ ರೈಲ್ವೆಯ ಮುಖ್ಯ ಮಾರ್ಗಗಳಲ್ಲಿ ಉಗಿ ಎಂಜಿನುಗಳ ನಿತ್ಯಸೇವೆ 1968ರ ಆಗಸ್ಟಿನಲ್ಲಿ ಮುಗಿಯಿತು. ಅದನ್ನು ಕಣ್ಣಾರೆ ಕಂಡ ಬಾಲಕರು ಇಂದು ವೃದ್ಧರು. ಅವರ ನೆನಪೇ ಈ ಉದ್ಯಮಕ್ಕೆ ಬಹುಕಾಲ ಇಂಧನವಾಗಿತ್ತು. 1946ರಿಂದ ಲಿವರ್‌ಪೂಲ್ ಪ್ರದೇಶದಲ್ಲಿ ವ್ಯಾಪಾರ ನಡೆಸುತ್ತಿದ್ದ ಹ್ಯಾಟನ್ಸ್ ಎಂಬ ಹೆಸರಾಂತ ಅಂಗಡಿ 2024ರ ಜನವರಿಯಲ್ಲಿ ತನ್ನ ಬಾಗಿಲು ಮುಚ್ಚುವುದಾಗಿ ಸಾರಿತು. ದೇಶದ ದೊಡ್ಡ ಮಾದರಿ ರೈಲು ಪ್ರದರ್ಶನಗಳಲ್ಲೊಂದಾದ ವಾರ್ಲಿ ಪ್ರದರ್ಶನವೂ 2023ರ ನವೆಂಬರಿನದೇ ಕೊನೆಯದೆಂದು ಅದೇ ತಿಂಗಳು ತಿಳಿದುಬಂದಿತು. ಆದರೆ ಇದರೊಡನೆಯೇ ಐರ್ಲೆಂಡಿನ ಕೆಲವು ಹವ್ಯಾಸಿಗಳು ಕೂಡಿ ಕಟ್ಟಿದ ಅಕ್ಯುರಾಸ್ಕೇಲ್‌ನಂಥ ಹೊಸ ಸಂಸ್ಥೆಗಳೂ ತಲೆಯೆತ್ತಿವೆ. ಅವು ತಮ್ಮ ಕಾಲದ ನೆನಪುಗಳನ್ನು, ಎಂದರೆ ಡೀಸಲ್ ಎಂಜಿನುಗಳನ್ನೂ ಸರಕುಗಾಡಿಗಳನ್ನೂ ಅಚ್ಚಿಗೆ ತರುತ್ತಿವೆ. ಯಾವ ಎಂಜಿನಿನ ನೆನಪು ಉಳಿಯಬೇಕೆಂಬುದನ್ನು ಹೀಗೆ ಪ್ರತಿಯೊಂದು ತಲೆಮಾರೂ ತನ್ನ ಹಣದಿಂದ ತೀರ್ಮಾನಿಸುತ್ತದೆ.

ಇದು ದೂರದ ದೇಶಗಳ, ಬಿಡುವುಳ್ಳವರ ಹವ್ಯಾಸದ ಮಾತೆಂದು ನಾವು ಬದಿಗಿಡಬೇಕಾಗಿಲ್ಲ. ನಿಮ್ಮ ಕೈಯಲ್ಲಿರುವ ಈ ಪುಸ್ತಕವನ್ನೇ ನೋಡಿ. ಬರೆಯುವುದು, ಚಿತ್ರ ಬಿಡಿಸುವುದು, ಅಕ್ಷರ ಜೋಡಿಸುವುದು, ಕರಡು ತಿದ್ದುವುದು ಇವೆಲ್ಲ ಒಂದೇ ಸಲದ ವೆಚ್ಚ. ನಾಡಿನ ಎಲ್ಲ ಶಾಲೆಗಳ ವಿದ್ಯಾರ್ಥಿಗಳೂ ಅದನ್ನು ಹಂಚಿಕೊಳ್ಳುವುದರಿಂದ ಒಂದು ಪ್ರತಿಯ ಮೇಲೆ ಬೀಳುವ ಪಾಲು ಅತ್ಯಲ್ಪ. ಇಷ್ಟೇ ಶ್ರಮದಿಂದ ಸಿದ್ಧವಾದ ಒಂದು ಕವನಸಂಕಲನವೋ ಶಬ್ದಕೋಶವೋ ಕೆಲವೇ ನೂರು ಪ್ರತಿ ಮುದ್ರಣವಾದರೆ ಅದರ ಬೆಲೆ ಏರುತ್ತದೆ; ಏರಿದ ಬೆಲೆಯನ್ನು ಕಂಡು ಕೊಳ್ಳುವವರು ಹಿಂಜರಿದರೆ ಎರಡನೆಯ ಮುದ್ರಣ ಬರುವುದೇ ಇಲ್ಲ. ಕಿರುರೈಲಿನ ಲೆಕ್ಕವೇ ಕನ್ನಡ ಪುಸ್ತಕದ ಲೆಕ್ಕವೂ ಹೌದು. ಒಂದು ಪುಸ್ತಕವನ್ನು ಕೊಂಡು ಓದುವಾತ ತನಗೊಂದು ಪ್ರತಿಯನ್ನು ಪಡೆಯುವುದಷ್ಟೇ ಅಲ್ಲ, ತಾನು ಕಾಣದ ಇನ್ನೊಬ್ಬ ಓದುಗನ ಭಾರವನ್ನು ಒಂದಿಷ್ಟು ಇಳಿಸುತ್ತಾನೆ. ಹೆಗಲುಗಳು ಹೆಚ್ಚಿದಷ್ಟೂ ಹೊರೆ ಹಗುರ. ಅಳತೆಪಟ್ಟಿಗಿಂತ ಗಿಡ್ಡವಾದ ಒಂದು ಎಂಜಿನು ಹೊತ್ತು ತರುವ ಸರಕು ಇದೇ.